ಕೀ ಗುರುತು: ಕಾಫಿ ತೋಟದ ಒಂದು ಫೋನಿಗೆ ವಿಪಿಎನ್ ಆ್ಯಪ್ ಆರಿಸಿದ ಪ್ರಕರಣ

ರೊಬಸ್ಟಾ ಕೊಯ್ಲು ಅರ್ಧ ಮುಗಿದಿದ್ದ ಒಂದು ಜನವರಿ ಬೆಳಿಗ್ಗೆ ಕೊಡಗಿನ ಗೋಣಿಕೊಪ್ಪದ ನನ್ನ ಅಂಗಡಿಗೆ ಸಿದ್ದಾಪುರ ಕಡೆಯ ಆಂಟಿ ಬಂದರು. ಅವರ ತೋಟದ ಆಫೀಸಿಗೆ ಕ್ಯಾಮೆರಾ, ರೂಟರ್ ಎಲ್ಲ ಹಾಕಿಕೊಟ್ಟವನು ನಾನೇ. ಫೋನನ್ನು ಕೌಂಟರ್ ಮೇಲಿಟ್ಟು ಕುರ್ಚಿ ಎಳೆದುಕೊಂಡು ಕೂತರು.

"ವಿಪಿಎನ್ ಹಾಕಿದ್ರೆ ಕಣದ ಕ್ಯಾಮೆರಾ ಎಲ್ಲಿಂದ ಬೇಕಾದ್ರೂ ಕಾಣ್ತದೆ ಅಂದ್ರು. ಒಂದು ಹಾಕ್ದೆ, ಬರ್ಲಿಲ್ಲ. ಇನ್ನೊಂದು ಹಾಕ್ದೆ. ಕ್ಯಾಮೆರಾ ಅಂತೂ ಇಲ್ಲ, ಈಗ ಬ್ಯಾಂಕಿನ ಆ್ಯಪೂ ತೆರೀತಾ ಇಲ್ಲ. ಎಂತ ಇದು?"

ಪರದೆಯ ತುದಿಯಲ್ಲಿ ಪುಟ್ಟ ಕೀ ಗುರುತು ಕೂತಿತ್ತು. ನಾನು ಫೋನ್ ಕೈಗೆತ್ತಿಕೊಳ್ಳುವಷ್ಟರಲ್ಲಿ ಒಂದು ಜಾಹೀರಾತು ಇಡೀ ಪರದೆ ತುಂಬಿತು.

ಆಂಟಿಯ ಅಗತ್ಯ ಸಣ್ಣದೇ. ಮೈಸೂರಿನಲ್ಲಿ ಅವರ ಅಕ್ಕನಿಗೆ ಮಂಡಿ ಆಪರೇಷನ್ ಆಗಬೇಕಿತ್ತು. ಕೊಯ್ಲು ಮುಗಿಯುವ ಹೊತ್ತಿಗೆ ಅಲ್ಲಿಗೆ ಹೋಗಿ ಒಂದೂವರೆ ತಿಂಗಳು ಇರಬೇಕು. ಅದೇ ಹೊತ್ತಿಗೆ ಮೆಣಸು ಕೊಯ್ದು ಕಣದಲ್ಲಿ ಹರಡಿರುತ್ತಾರೆ. ಕಣದ ಮೇಲೆ ಕಣ್ಣಿಡದೆ ಯಾವ ತೋಟದವರಿಗೂ ಆ ದಿನಗಳಲ್ಲಿ ನಿದ್ದೆ ಬರುವುದಿಲ್ಲ. ಅದರ ಜತೆಗೆ ಆಫೀಸಿನ ಕಂಪ್ಯೂಟರಿನಲ್ಲಿ ಲೆಕ್ಕ ಇಡುವ ಟ್ಯಾಲಿ ಇದೆ, ಶನಿವಾರ ಶನಿವಾರ ಆಳುಗಳ ಬಟವಾಡೆಯ ಲೆಕ್ಕ ನೋಡಬೇಕು. ತೋಟದಲ್ಲಿ ಮೇಲ್ವಿಚಾರಣೆಗೆ ರೈಟ್ರು ಇದ್ದಾರೆ, ನಂಬಿಕಸ್ತರು. ಆದರೆ ಲೆಕ್ಕ ಆಂಟಿಯದೇ.

ಇದೆಲ್ಲ ನಾಲ್ಕು ವರ್ಷ ಹಿಂದೆ ನಡೆಯುತ್ತಿತ್ತು. ಆಗ ನಾನು ರೂಟರಿನಲ್ಲಿ ಒಂದು ಪೋರ್ಟ್ (ಹೊರಗಿನಿಂದ ಒಳಬರುವ ಬಾಗಿಲು) ತೆರೆದು, ಕ್ಯಾಮೆರಾದ ಚಿತ್ರ ದಾಖಲಿಸುವ ಡಿವಿಆರನ್ನು ನೇರವಾಗಿ ಇಂಟರ್ನೆಟ್ಟಿಗೆ ಬಿಟ್ಟಿದ್ದೆ. ಊರಲ್ಲಿ ಎಲ್ಲರೂ ಹಾಗೇ ಮಾಡುತ್ತಿದ್ದರು ಅನ್ನುವುದು ಸಮಜಾಯಿಷಿಯಲ್ಲ. 2016ರಲ್ಲಿ ಮಿರಾಯ್ ಅನ್ನುವ ಹುಳ ಜಗತ್ತಿನಾದ್ಯಂತ ಇಂಥದ್ದೇ ಕ್ಯಾಮೆರಾ, ಡಿವಿಆರ್‌ಗಳನ್ನು ಹುಡುಕಿ, ಕಂಪನಿ ಕೊಟ್ಟ ಪಾಸ್‌ವರ್ಡನ್ನೇ ಹೊಡೆದು ಒಳಹೊಕ್ಕು, ಆ ಅಕ್ಟೋಬರಿನಲ್ಲಿ ಅಮೆರಿಕದ ಎಷ್ಟೋ ದೊಡ್ಡ ಜಾಲತಾಣಗಳು ತತ್ತರಿಸುವಂತೆ ಮಾಡಿತ್ತು. ಅದು ಗೊತ್ತಿದ್ದೂ ಮಾಡಿದ್ದೆ. ಆಮೇಲೆ ತೋಟಕ್ಕೆ ಫೈಬರ್ ಬಂತು, ಹಳೆಯ ಏರ್ಪಾಡು ತಾನಾಗಿ ನಿಂತುಹೋಯಿತು. ಯಾಕೆ ನಿಂತಿತು ಅನ್ನುವುದು ಮುಂದೆ ಬರುತ್ತದೆ.

ಒಂದೇ ಹೆಸರು, ಎರಡು ಸಾಮಾನು

ವಿಪಿಎನ್ ಅನ್ನುವ ಒಂದೇ ಪದಕ್ಕೆ ಪೇಟೆಯಲ್ಲಿ ಎರಡು ಬೇರೆ ಸಾಮಾನು ಮಾರಾಟವಾಗುತ್ತವೆ. ಆಂಟಿಗೆ ಆದ ತೊಂದರೆಯ ಮೂಲವೇ ಇದು. ಒಂದು ನಿಮ್ಮ ಫೋನಿನಿಂದ ಯಾವುದೋ ಕಂಪನಿಯ ಸರ್ವರಿಗೆ ಗುಟ್ಟಿನ ಸುರಂಗ ಕೊರೆಯುತ್ತದೆ. ನಿಮ್ಮ ಸಂಚಾರವೆಲ್ಲ ಅಲ್ಲಿಗೆ ಹೋಗಿ, ಅಲ್ಲಿಂದ ಲೋಕಕ್ಕೆ ಹೊರಬೀಳುತ್ತದೆ. ಇನ್ನೊಂದು ನಿಮ್ಮ ಫೋನಿನಿಂದ ನಿಮ್ಮದೇ ಮನೆಗೆ ಅಥವಾ ಆಫೀಸಿಗೆ ಸುರಂಗ ಕೊರೆಯುತ್ತದೆ, ದೂರದಲ್ಲಿದ್ದರೂ ಅಲ್ಲೇ ಕೂತ ಹಾಗೆ. ಕೆಲಸ ಮಾಡುವ ರೀತಿ ಎರಡರದೂ ಒಂದೇ. ಆಚೆ ತುದಿಯಲ್ಲಿ ಯಾರಿದ್ದಾರೆ ಅನ್ನುವುದಷ್ಟೇ ವ್ಯತ್ಯಾಸ. ಆಂಟಿಗೆ ಬೇಕಿದ್ದದ್ದು ಎರಡನೆಯದು, ಪ್ಲೇ ಸ್ಟೋರಿನಲ್ಲಿ ಹುಡುಕಿದಾಗ ಸಾಲಾಗಿ ಸಿಕ್ಕಿದ್ದು ಮೊದಲನೆಯದು. ಆ ಆ್ಯಪುಗಳು ಅವರನ್ನು ಸಿಂಗಾಪುರಕ್ಕೋ ಹಾಲೆಂಡಿಗೋ ಕರೆದೊಯ್ದವು. ಸಿದ್ದಾಪುರದ ಕಣ ಅಲ್ಲೆಲ್ಲಿ ಕಾಣಬೇಕು?

"ಹಾಕುವಾಗ ಒಂದು ಬಾಕ್ಸ್ ಬಂತಲ್ಲ ಆಂಟಿ, ಓದಿದ್ರಾ?"

"ಓಕೆ ಒತ್ತಿದೆ."

ಎಲ್ಲರೂ ಒತ್ತುತ್ತಾರೆ. ಆ ಬಾಕ್ಸ್ ತೋರಿಸುವುದು ಆ್ಯಪ್ ಅಲ್ಲ, ಆಂಡ್ರಾಯ್ಡೇ. ಈ ಆ್ಯಪ್ ವಿಪಿಎನ್ ಸಂಪರ್ಕ ಮಾಡಲು ಕೇಳುತ್ತಿದೆ, ಒಪ್ಪಿದರೆ ನಿಮ್ಮ ನೆಟ್ ಸಂಚಾರವನ್ನೆಲ್ಲ ಅದು ನೋಡಬಲ್ಲದು, ಮೂಲವನ್ನು ನಂಬಿದರೆ ಮಾತ್ರ ಒಪ್ಪಿ ಎಂದು ಅದರಲ್ಲಿ ಬರೆದಿರುತ್ತದೆ. ವಿಪಿಎನ್ ಓಡುವಾಗ ಮೇಲೆ ಕೀ ಗುರುತು ಇರುತ್ತದೆ ಎಂದೂ ಅಲ್ಲೇ ಹೇಳಿರುತ್ತದೆ. ಇಡೀ ಆಂಡ್ರಾಯ್ಡಿನಲ್ಲಿ ಇಷ್ಟು ನೇರವಾಗಿ ಎಚ್ಚರಿಸುವ ಇನ್ನೊಂದು ಬಾಕ್ಸ್ ನಾನು ನೋಡಿಲ್ಲ.

ಆಂಟಿ ಹಾಕಿಕೊಂಡಿದ್ದ ಎರಡೂ ಪುಕ್ಕಟೆ ಆ್ಯಪುಗಳು. ಅವುಗಳ ಹೆಸರು ಇಲ್ಲಿ ಬೇಡ, ಇಂಥವು ರಾಶಿ ಇವೆ. ಪುಕ್ಕಟೆಯವೆಲ್ಲ ಕೆಟ್ಟವಲ್ಲ. ಪ್ರೋಟಾನ್‌ನಂಥ ಕಂಪನಿ ದುಡ್ಡು ಕೊಡುವ ಗಿರಾಕಿಗಳ ಬಲದ ಮೇಲೆ ಪುಕ್ಕಟೆ ಪ್ಲಾನ್ ನಡೆಸುತ್ತದೆ, ತನ್ನ ಆ್ಯಪಿನ ಕೋಡನ್ನೂ 2020ರಲ್ಲಿ ಬಹಿರಂಗ ಮಾಡಿದೆ. ಆದರೆ ಮಾಲೀಕರು ಯಾರೆಂದೇ ತಿಳಿಯದ ಆ್ಯಪು ಬಿಟ್ಟಿಯಾಗಿ ಸರ್ವರ್ ಖರ್ಚು ಹೊರುತ್ತಿದ್ದರೆ, ಆ ಖರ್ಚು ಎಲ್ಲಿಂದ ಹುಟ್ಟುತ್ತದೆ ಎಂದು ಕೇಳಲೇಬೇಕು. ಆಸ್ಟ್ರೇಲಿಯಾದ ಸಿಎಸ್‌ಐಆರ್‌ಓ ಮತ್ತಿತರ ಸಂಶೋಧಕರು 2016ರಲ್ಲಿ 283 ಆಂಡ್ರಾಯ್ಡ್ ವಿಪಿಎನ್ ಆ್ಯಪುಗಳನ್ನು ಬಿಚ್ಚಿ ನೋಡಿದರು. ಶೇ. 18ರಷ್ಟು ಆ್ಯಪುಗಳು ಸುರಂಗವನ್ನು ಗೂಢಲಿಪಿ ಮಾಡುತ್ತಲೇ ಇರಲಿಲ್ಲ. ಶೇ. 38ರಷ್ಟರಲ್ಲಿ ದುರುದ್ದೇಶದ ಕೋಡಿನ ಸುಳಿವು ಸಿಕ್ಕಿತು. ಶೇ. 84ರಷ್ಟು ಐಪಿವಿ6 (ಇಂಟರ್ನೆಟ್ಟಿನ ಹೊಸ ವಿಳಾಸ ಪದ್ಧತಿ) ಸಂಚಾರವನ್ನು ಸುರಂಗದ ಹೊರಗೇ ಸೋರಿಸುತ್ತಿದ್ದವು. ಲೆಕ್ಕ ಹಳೆಯದು, ನಿಜ. ಆದರೆ ಕೊನೆಯ ಅಂಕಿ ನಮಗೆ ಇವತ್ತಿಗೂ ಚುಚ್ಚುತ್ತದೆ: ಜಿಯೋದಂಥ ಜಾಲ ನಡೆಯುವುದೇ ಬಹುಮಟ್ಟಿಗೆ ಐಪಿವಿ6 ಮೇಲೆ.

ದೊಡ್ಡ ಹೆಸರು ಇದ್ದರೆ ಸಾಕೇ ಅಂದರೆ, ಅದೂ ಇಲ್ಲ. ಫೇಸ್‌ಬುಕ್ 2013ರಲ್ಲಿ ಕೊಂಡ ಒನಾವೋ ಅನ್ನುವ ವಿಪಿಎನ್, ಜನ ಯಾವ ಯಾವ ಆ್ಯಪ್ ಬಳಸುತ್ತಾರೆ ಎಂಬ ಲೆಕ್ಕವನ್ನು ಮಾಲೀಕರಿಗೆ ಒಪ್ಪಿಸುತ್ತಿತ್ತು; 2018ರ ಆಗಸ್ಟಿನಲ್ಲಿ ಆಪಲ್ ಸ್ಟೋರಿನಿಂದ ಅದು ಹೊರಬಿತ್ತು. 2024ರ ಮೇ ತಿಂಗಳಲ್ಲಿ ಅಮೆರಿಕದವರು ಮುರಿದ 911 ಎಸ್5 ಜಾಲದ ಕತೆ ಇನ್ನೂ ಕೆಟ್ಟದ್ದು. ಅಲ್ಲಿ ಪುಕ್ಕಟೆ ವಿಪಿಎನ್ ಹಾಕಿಕೊಂಡವರ ವಿಂಡೋಸ್ ಕಂಪ್ಯೂಟರುಗಳನ್ನೇ ಬೇರೆಯವರಿಗೆ ದಾರಿಯಾಗಿ ಬಾಡಿಗೆ ಕೊಟ್ಟಿದ್ದರು. ಕಳ್ಳತನ ಯಾರದೋ, ಇಂಟರ್ನೆಟ್ಟಿನಲ್ಲಿ ಗುರುತು ಹೇಳುವ ಐಪಿ ವಿಳಾಸ ನಿಮ್ಮದು.

ಎರಡೂ ಆ್ಯಪ್ ತೆಗೆದೆ. ಬ್ಯಾಂಕಿನ ಆ್ಯಪ್ ಕೂಡಲೇ ತೆರೆಯಿತು. ಕೆಲವು ಬ್ಯಾಂಕಿನವು ವಿಪಿಎನ್ ಕಂಡರೆ ಒಳಗೆ ಬಿಡುವುದಿಲ್ಲ, ಅಷ್ಟೇ ವಿಷಯ. ಆಂಟಿಯ ಅರ್ಧ ಕೋಪ ಅಲ್ಲಿಗೆ ಇಳಿಯಿತು.

ಆಚೆ ತುದಿ

ತೋಟಕ್ಕೆ ಹೋಗಿ ಮೊದಲು ನೋಡಿದ್ದು ಫೈಬರ್ ಪೆಟ್ಟಿಗೆಯೊಳಗಿನ ಐಪಿ ವಿಳಾಸ. 100ರಿಂದ ಶುರುವಾಗಿ ಮುಂದೆ 70 ಚಿಲ್ಲರೆ ಇತ್ತು. ಮೊದಲ ಅಂಕಿ 100, ಎರಡನೆಯದು 64ರಿಂದ 127ರೊಳಗೆ ಇದ್ದರೆ ಹೆಚ್ಚು ಯೋಚಿಸಬೇಕಿಲ್ಲ. ಇಂಟರ್ನೆಟ್ ಕಂಪನಿ ಒಂದೇ ಸಾರ್ವಜನಿಕ ವಿಳಾಸವನ್ನು ಹತ್ತಾರು ಮನೆಗಳಿಗೆ ಹಂಚಿದೆ ಎಂದರ್ಥ. 2012ರಲ್ಲಿ ಈ ಕೆಲಸಕ್ಕೆಂದೇ ಮೀಸಲಿಟ್ಟ ಸಾಲು ಅದು. ಲೈನ್‌ಮನೆಗೆ (ಆಳುಗಳ ಸಾಲುಮನೆಗೆ) ಬರುವ ಕಾಗದ ತೋಟದ ಆಫೀಸಿನ ವಿಳಾಸಕ್ಕೆ ಬರುವ ಹಾಗೆ: ಹೊರಗಿನಿಂದ ಬಂದವನಿಗೆ ಯಾವ ಬಾಗಿಲು ಆಂಟಿಯದು ಎಂದು ಗೊತ್ತಾಗುವುದಿಲ್ಲ. ಹಳೆಯ ಪೋರ್ಟ್ ತೆರೆಯುವ ಉಪಾಯ ಸತ್ತದ್ದು ಇಲ್ಲೇ. ತೋಟದೊಳಗೇ ವಿಪಿಎನ್ ಸರ್ವರ್ ಇಟ್ಟರೂ ಅದೇ ಗತಿ.

ಆದರೆ ಒಳಗಿನಿಂದ ಹೊರಗೆ ಹೋಗಲು ಅಡ್ಡಿಯಿಲ್ಲ. ಹಾಗಾಗಿ ಹೊರಗೆ, ಸ್ಥಿರ ವಿಳಾಸವಿರುವ ಒಂದು ಜಾಗದಲ್ಲಿ ಫೋನೂ ತೋಟವೂ ಬಂದು ಸೇರಬೇಕು. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಆಂಟಿಯ ಮಗ ತನ್ನ ಯಾವುದೋ ಕೆಲಸಕ್ಕೆಂದು ಸಣ್ಣದೊಂದು ವಿಪಿಎಸ್, ಅಂದರೆ ಇಂಟರ್ನೆಟ್ಟಿನಲ್ಲಿ ಸದಾ ಓಡುವ ಸರ್ವರ್, ಬಾಡಿಗೆಗೆ ಇಟ್ಟುಕೊಂಡಿದ್ದ. "ಅಣ್ಣ, ಅದು ಸುಮ್ನೆ ಬಿದ್ದಿದೆ, ಬಳಸ್ಕೊಳ್ಳಿ" ಅಂದ. ಅರ್ಧ ಸಮಸ್ಯೆ ಪರಿಹಾರವಾಯಿತು.

ನಮ್ಮ ದೇಶದ ನಿಯಮದ ಮಾತು ಇಲ್ಲೇ ಮುಗಿಸುತ್ತೇನೆ. 2022ರ ಏಪ್ರಿಲ್ 28ರಂದು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಹೊರಡಿಸಿದ ನಿರ್ದೇಶನದ ಪ್ರಕಾರ ವಿಪಿಎನ್ ಕಂಪನಿಗಳೂ, ವಿಪಿಎಸ್ ಬಾಡಿಗೆ ಕೊಡುವವರೂ ಗಿರಾಕಿಗಳ ಹೆಸರು, ವಿಳಾಸ, ಐಪಿ ಮುಂತಾದ ವಿವರಗಳನ್ನು ಐದು ವರ್ಷ ಇಟ್ಟುಕೊಳ್ಳಬೇಕು. ಇದನ್ನು ಒಪ್ಪದೆ ಎಕ್ಸ್‌ಪ್ರೆಸ್‌ವಿಪಿಎನ್, ನಾರ್ಡ್, ಸರ್ಫ್‌ಶಾರ್ಕ್ ಮೊದಲಾದವರು ಇಲ್ಲಿನ ಸರ್ವರುಗಳನ್ನು ಎತ್ತಿಕೊಂಡು ಹೋದರು. ತಮ್ಮ ನೌಕರರಿಗಾಗಿ ಕಂಪನಿಗಳು ಇಟ್ಟುಕೊಳ್ಳುವ ವಿಪಿಎನ್‌ಗೆ ಈ ಕಟ್ಟಲೆ ಇಲ್ಲ. ನಮ್ಮ ವಿಷಯದಲ್ಲಿ ಮಗನ ವಿವರ ವಿಪಿಎಸ್ ಕಂಪನಿಯ ಬಳಿ ಇದೆ, ಇರಲಿ. ತನ್ನ ಕಣ ತಾನು ನೋಡುವುದರಲ್ಲಿ ಗುಟ್ಟೇನಿದೆ?

ಯಾವ ಆ್ಯಪ್?

ಈಗ ಫೋನಿನ ಪ್ರಶ್ನೆ. ನನ್ನ ಮುಂದೆ ನಾಲ್ಕು ದಾರಿ ಇದ್ದವು.

ಫೋನಿನಲ್ಲೇ ಇರುವ ವಿಪಿಎನ್ ಸೆಟ್ಟಿಂಗ್ ಮೊದಲನೆಯದು. ಹಿಂದೆ ಅಲ್ಲಿ ಪಿಪಿಟಿಪಿ, ಎಲ್2ಟಿಪಿ ಅನ್ನುವ ಹಳೆಯ ಬಗೆಯ ಸುರಂಗಗಳೆಲ್ಲ ಇರುತ್ತಿದ್ದವು. ಆಂಡ್ರಾಯ್ಡ್ 12ರಿಂದೀಚೆಗೆ ಬಂದ ಫೋನುಗಳಲ್ಲಿ ಉಳಿದಿರುವುದು ಐಕೆಇವಿ2 ಬಗೆಯವು ಮಾತ್ರ. ಐಕೆಇವಿ2 ಒಳ್ಳೆಯದೇ, ವೈಫೈ ಬಿಟ್ಟು ಮೊಬೈಲ್ ಡೇಟಾಗೆ ಬಂದರೂ ಕಡಿಯದ ಹಾಗೆ ಅದರಲ್ಲಿ ಏರ್ಪಾಡಿದೆ. ಆದರೆ ಸರ್ವರ್ ಕಡೆ ಗುರುತು ಸಾಬೀತು ಮಾಡುವ ಸರ್ಟಿಫಿಕೇಟುಗಳ ಗೋಳು, ಅವುಗಳ ಅವಧಿ ಮುಗಿದ ದಿನ ಆಂಟಿ ಮೈಸೂರಿನಲ್ಲಿ, ನಾನು ಇಲ್ಲಿ. ಬಿಟ್ಟೆ.

ನಮ್ಮ ಯಂತ್ರಗಳನ್ನು ತಾನೇ ಒಂದಕ್ಕೊಂದು ಜೋಡಿಸಿಕೊಡುವ ಟೇಲ್‌ಸ್ಕೇಲ್ ಸೇವೆ ಎರಡನೆಯದು. ನಿಜ ಹೇಳಬೇಕೆಂದರೆ ವಿಪಿಎಸ್ ಇರದ ಮನೆಗೆ ನಾನು ಇವತ್ತಿಗೂ ಹಾಕಿಕೊಡುವುದು ಇದನ್ನೇ. ಹಂಚಿಕೆ ವಿಳಾಸದ ತೊಡಕನ್ನು ಅದು ತಾನೇ ದಾಟಿಕೊಳ್ಳುತ್ತದೆ, ಮನೆಬಳಕೆಗೆ ದುಡ್ಡಿಲ್ಲ. ಆದರೆ ಲಾಗಿನ್ ಆಗಲು ಗೂಗಲ್‌ನಂಥ ಒಂದು ಖಾತೆ ಬೇಕು. ಆಂಟಿಯ ಫೋನಿನ ಗೂಗಲ್ ಖಾತೆ ಇದ್ದದ್ದು ಮಗ ಕಾಲೇಜಿನಲ್ಲಿದ್ದಾಗ ತನ್ನ ಹೆಸರಲ್ಲಿ ತೆರೆದದ್ದು, ಪಾಸ್‌ವರ್ಡ್ ಅವನಿಗೂ ನೆನಪಿಲ್ಲ. ಅದಲ್ಲದೆ ಮಾಮೂಲಿನಂತೆ ಬಿಟ್ಟರೆ 180 ದಿನಕ್ಕೊಮ್ಮೆ ಮತ್ತೆ ಲಾಗಿನ್ ಕೇಳುತ್ತದೆ. ಅದನ್ನು ತಡೆಯಬಹುದು, ತಡೆಯಲು ನೆನಪಿರಬೇಕು.

ಉಳಿದದ್ದು ನಮ್ಮದೇ ಸರ್ವರಿಗೆ ಸುರಂಗ ಕೊರೆಯುವ ಎರಡು ತಂತ್ರಾಂಶ, ಓಪನ್‌ವಿಪಿಎನ್ ಮತ್ತು ವೈರ್‌ಗಾರ್ಡ್. ಇವೆರಡರ ನಡುವೆ ಕಾಗದದ ಮೇಲೆ ತೀರ್ಮಾನ ಮಾಡಲು ನನಗೆ ಮನಸ್ಸಾಗಲಿಲ್ಲ. ಎರಡನ್ನೂ ವಿಪಿಎಸ್‌ನಲ್ಲಿ ಕೂರಿಸಿ, ನನ್ನ ಫೋನಿಗೆ ಒಂದು, ಮನೆಯಲ್ಲಿದ್ದ ಹಳೆಯ ಫೋನಿಗೆ ಇನ್ನೊಂದು ಹಾಕಿದೆ. ಆಂಡ್ರಾಯ್ಡ್ ಒಂದು ಹೊತ್ತಿಗೆ ಒಂದೇ ವಿಪಿಎನ್ ಓಡಿಸುತ್ತದೆ, ಅದಕ್ಕೆ ಎರಡು ಫೋನು. ಎರಡಕ್ಕೂ ಒಂದೇ ಕಂಪನಿಯ ಸಿಮ್. ಗೋಣಿಕೊಪ್ಪದಿಂದ ಹುಣಸೂರಿನ ಬಸ್ಸು ಹತ್ತಿದೆ.

ತಿತಿಮತಿ ದಾಟಿ ಆನೆಚೌಕೂರಿನ ಕಾಡು ಹೊಕ್ಕರೆ ಸಿಗ್ನಲ್ ಹೋಗುತ್ತದೆ, ಬರುತ್ತದೆ, ಮತ್ತೆ ಹೋಗುತ್ತದೆ. ಎರಡೂ ಫೋನಿನಲ್ಲಿ ನನ್ನ ಅಂಗಡಿಯ ಕ್ಯಾಮೆರಾ ಹಾಕಿಕೊಂಡು, ತೊಡೆಯ ಮೇಲೆ ಒಂದೊಂದು ಇಟ್ಟುಕೊಂಡು ಕೂತೆ. ಪಕ್ಕದ ಸೀಟಿನವರು ಸ್ವಲ್ಪ ಹೊತ್ತು ನೋಡಿ, "ಮ್ಯಾಚಾ?" ಅಂದರು.

ಓಪನ್‌ವಿಪಿಎನ್‌ಗೆ ನಾನು ಟಿಸಿಪಿ 443 (ತಲುಪದ್ದನ್ನು ಮತ್ತೆ ಕಳಿಸುವ ವಿಧಾನ ಟಿಸಿಪಿ, ಜಾಲತಾಣಗಳು ಬಳಸುವ ಪೋರ್ಟ್ 443) ಕೊಟ್ಟಿದ್ದೆ, ಎಂಥ ವೈಫೈಯಲ್ಲೂ ನುಸುಳಿ ಹೋಗುತ್ತದೆ ಅನ್ನುವ ಕಾರಣಕ್ಕೆ. ಸಿಗ್ನಲ್ ಹೋಗಿ ಬಂದಾಗಲೆಲ್ಲ ಅದು ಚಕ್ರ ತಿರುಗಿಸುತ್ತ ಕೂರುತ್ತಿತ್ತು. ಅರೆಬರೆ ಸಿಗ್ನಲ್ ಇದ್ದಾಗ ಇನ್ನೂ ಕಷ್ಟ. ದಾರಿಯಲ್ಲಿ ಕಳೆದ ಡೇಟಾ ಪೊಟ್ಟಣವನ್ನು ಸುರಂಗದೊಳಗಿನ ಟಿಸಿಪಿಯೂ ಮತ್ತೆ ಕಳಿಸುತ್ತದೆ, ಸುರಂಗವೇ ಆಗಿರುವ ಟಿಸಿಪಿಯೂ ಮತ್ತೆ ಕಳಿಸುತ್ತದೆ, ಇಬ್ಬರೂ ಒಟ್ಟಿಗೆ ಕೂಗಿ ಯಾರ ಮಾತೂ ಕೇಳಿಸದ ಪಾಡು. ವಾಪಸ್ ಬರುವಾಗ, ಹಾಗೆ ಮತ್ತೆ ಕಳಿಸುತ್ತ ಕೂರದ ಯುಡಿಪಿಗೆ ಬದಲಿಸಿದೆ, ಎಷ್ಟೋ ಮೇಲಾಯಿತು, ಆದರೂ ಸಂಪರ್ಕ ಮತ್ತೆ ಕಟ್ಟಿಕೊಳ್ಳಲು ಒಂದಿಷ್ಟು ಹೊತ್ತು ತೆಗೆದುಕೊಳ್ಳುತ್ತಿತ್ತು. ವೈರ್‌ಗಾರ್ಡಿನ ಫೋನಿನಲ್ಲಿ ಚಿತ್ರ ನಿಲ್ಲುವುದು, ಸಿಗ್ನಲ್ ಬಂದ ಕೂಡಲೇ ಮತ್ತೆ ಓಡುವುದು. ಅದರಲ್ಲಿ ಸಂಪರ್ಕ ಕಡಿಯಿತು, ಮತ್ತೆ ಕಟ್ಟಬೇಕು ಎಂಬ ವ್ಯವಹಾರವೇ ಇಲ್ಲ. ಎರಡು ಕಡೆಯವರೂ ಪರಸ್ಪರರನ್ನು ಕೀಯಿಂದ ಗುರುತಿಸುತ್ತಾರೆ, ಐಪಿ ವಿಳಾಸ ಬದಲಾದರೆ ಬದಲಾಗಲಿ, ಸರಿಯಾದ ಕೀಯಿಂದ ಬಂದ ಪೊಟ್ಟಣ ಎಲ್ಲಿಂದ ಬಂತೋ ಅಲ್ಲಿಗೇ ಉತ್ತರ ಹೋಗುತ್ತದೆ. ಜೇಸನ್ ಡೊನೆನ್‌ಫೆಲ್ಡ್ ಬರೆದ ಈ ತಂತ್ರ ಸುಮಾರು 4,000 ಸಾಲಿನ ಕೋಡಾಗಿ 2020ರ ಮಾರ್ಚಿನಲ್ಲಿ ಲಿನಕ್ಸ್ 5.6ರೊಳಗೆ ಸೇರಿತು. ಸಣ್ಣದಿದ್ದರೆ ಓದಿ ಪರೀಕ್ಷಿಸುವವರಿಗೂ ಸುಲಭ.

ಬಸ್ಸಿನಲ್ಲೇ ತೀರ್ಮಾನವಾಯಿತು. ಆದರೆ ವೈರ್‌ಗಾರ್ಡ್ ಆ್ಯಪಿನ ಒಂದು ಕೊರತೆ ಅವತ್ತು ನನ್ನ ಕಣ್ಣಿಗೆ ಬಿದ್ದೂ ತಲೆಗೆ ಹೋಗಲಿಲ್ಲ. ಸ್ವಿಚ್ ಆನ್ ಮಾಡಿದರೆ ಅದು ಆನ್ ಎಂದಷ್ಟೇ ತೋರಿಸುತ್ತದೆ. ಆಚೆ ತುದಿಯಲ್ಲಿ ಯಾರೂ ಇಲ್ಲದಿದ್ದರೂ ಆನ್. ಓಪನ್‌ವಿಪಿಎನ್ ಕನಿಷ್ಠ ಪಕ್ಷ ಸೇರಲು ಆಗುತ್ತಿಲ್ಲ ಎಂದು ಗೊಣಗುತ್ತದೆ.

ಊಟದ ಮೇಜಿನ ಮೇಲೆ

ಕಾನ್ಫಿಗರೇಷನ್ನಿನ ಕ್ಯೂಆರ್ ಕೋಡನ್ನು ಲ್ಯಾಪ್‌ಟಾಪಿನಲ್ಲಿ ತೋರಿಸಿದೆ. ಆಂಟಿ ಕನ್ನಡಕ ಏರಿಸಿಕೊಂಡು, ಅಂಗಡಿಯಲ್ಲಿ ಹಣ ಕೊಡುವಾಗ ಹಿಡಿಯುವ ಹಾಗೆ ಫೋನ್ ಹಿಡಿದರು, ಟಕ್ಕೆಂದು ಒಳಗೆ ಬಂತು. "ಇಷ್ಟೇನಾ? ಪಾಸ್‌ವರ್ಡ್ ಕೇಳ್ಲಿಲ್ಲ?" ಪಾಸ್‌ವರ್ಡ್ ಇಲ್ಲ, ಆ ಚೌಕದೊಳಗೇ ಕೀ ಇದೆ. ಅದಕ್ಕೇ ಆ ಚಿತ್ರವನ್ನು ವಾಟ್ಸಾಪಿನಲ್ಲಿ ಯಾರಿಗೂ ಕಳಿಸಬಾರದು, ನಾನು ಕೂಡ ಲ್ಯಾಪ್‌ಟಾಪಿನಿಂದ ಅಳಿಸಿದೆ. ಆ್ಯಪನ್ನು ಹುಡುಕಾಟದಲ್ಲಿ ಸಿಕ್ಕಿದ ಕಡೆಯಿಂದ ತೆಗೆದುಕೊಳ್ಳದೆ ವೈರ್‌ಗಾರ್ಡ್‌ನವರ ಜಾಲತಾಣದ ಲಿಂಕಿನಿಂದಲೇ ಹಾಕಿದ್ದೆ, ಇಂಥ ಹೆಸರಿಗೆ ಹೋಲಿಕೆಯ ಆ್ಯಪುಗಳು ಎಷ್ಟು ಬೇಕಾದರೂ ಇರುತ್ತವೆ. ಪ್ಲೇ ಸ್ಟೋರ್ 2025ರ ಜನವರಿಯಿಂದ ಕೆಲವು ವಿಪಿಎನ್ ಆ್ಯಪುಗಳಿಗೆ ಪರಿಶೀಲಿತ ಎಂಬ ಮುದ್ರೆ ಕೊಡುತ್ತಿದೆ. ಹೊರಗಿನವರ ಭದ್ರತಾ ಪರೀಕ್ಷೆ ಪಾಸಾಗಿದೆ ಎಂದು ಅದರ ಅರ್ಥ. ಮುದ್ರೆ ಇದ್ದರೆ ಒಳ್ಳೆಯದು, ಆದರೆ ಸುರಂಗದ ಆಚೆ ಇರುವವರ ಜಾತಕ ಅದು ಪೂರ್ತಿ ಹೇಳುವುದಿಲ್ಲ.

ಮುಂದಿನ ಪ್ರಶ್ನೆ: ಸುರಂಗದೊಳಗೆ ಏನೇನು ಹೋಗಬೇಕು? ಎಲ್ಲವನ್ನೂ ಹಾಕಿದರೆ ಆಂಟಿಯ ಯೂಟ್ಯೂಬೂ ವಿಪಿಎಸ್ ಸುತ್ತಿ ಬರುತ್ತದೆ, ಬ್ಯಾಂಕ್ ಆ್ಯಪ್ ಮತ್ತೆ ಮುನಿಸಿಕೊಳ್ಳುತ್ತದೆ. ವೈರ್‌ಗಾರ್ಡ್ ಆ್ಯಪಿನಲ್ಲಿ ಆಯ್ದ ಆ್ಯಪುಗಳನ್ನು ಮಾತ್ರ ಒಳಗೆ ಬಿಡುವ ಆಯ್ಕೆ ಇದೆ. ಡಿವಿಆರಿನದು ಮತ್ತು ರಿಮೋಟ್ ಡೆಸ್ಕ್‌ಟಾಪಿನದು, ಎರಡನ್ನೇ ಸೇರಿಸಿದೆ. ಬ್ಯಾಂಕ್ ಆ್ಯಪ್ ತಕರಾರಿಲ್ಲದೆ ತೆರೆಯಿತು. ಎಲ್ಲ ಬ್ಯಾಂಕಿನದೂ ತೆರೆದೀತು ಎಂದು ಮಾತು ಕೊಡಲಾರೆ. ಕೆಲವು ಫೋನಿನಲ್ಲಿ ಎಲ್ಲಿ ವಿಪಿಎನ್ ಇದ್ದರೂ ಮೂಸಿ ನೋಡುತ್ತವೆ.

ಅಭ್ಯಾಸಬಲದಿಂದ ಒಂದು ಎಡವಟ್ಟು ಮಾಡಿದೆ. ಫೋನ್ ಸೆಟ್ಟಿಂಗಿನಲ್ಲಿ ವಿಪಿಎನ್ ಯಾವಾಗಲೂ ಆನ್ ಇರಲಿ ಎನ್ನುವುದನ್ನು ಹಾಕಿದೆ. ಅದು ಬೇಕಿತ್ತು, ಇಲ್ಲದಿದ್ದರೆ ಕೆಲವು ಕಂಪನಿಯ ಫೋನುಗಳು ಬ್ಯಾಟರಿ ಉಳಿಸುತ್ತೇನೆಂದು ಆ್ಯಪನ್ನು ಹಿಂದಿನಿಂದ ಮುಗಿಸಿಬಿಡುತ್ತವೆ. ಅದರ ಕೆಳಗೇ ಇರುವ, ವಿಪಿಎನ್ ಇಲ್ಲದೆ ಯಾವ ಸಂಪರ್ಕವೂ ಬೇಡ ಎನ್ನುವುದನ್ನೂ ಒತ್ತಿದೆ. ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಆಂಟಿ, "ವಾಟ್ಸಾಪ್ ಹೋಗ್ತಾ ಇಲ್ಲ" ಅಂದರು. ಹೋಗುವುದು ಹೇಗೆ? ಎರಡು ಆ್ಯಪಿಗೆ ಮಾತ್ರ ಸುರಂಗ ಕೊಟ್ಟು, ಸುರಂಗದ ಹೊರಗೆ ಯಾರಿಗೂ ದಾರಿ ಬೇಡ ಅಂದಿದ್ದೆ. ಎರಡನೆಯ ಸ್ವಿಚ್ ತೆಗೆದೆ.

ತೋಟದ ಕಡೆ ಫೈಬರ್ ಪೆಟ್ಟಿಗೆಯ ಹಿಂದೆ ಓಪನ್‌ಡಬ್ಲ್ಯುಆರ್‌ಟಿ ಅನ್ನುವ ರೂಟರ್ ತಂತ್ರಾಂಶ ಹಾಕಿದ ಒಂದು ಚಿಕ್ಕ ರೂಟರ್ ಕೂರಿಸಿದೆ. ಡಿವಿಆರೂ ಟ್ಯಾಲಿ ಕಂಪ್ಯೂಟರೂ ಅದಕ್ಕೆ. ಆಫೀಸಿನ ವೈಫೈ ಮೊದಲಿನಂತೆ ಫೈಬರ್ ಪೆಟ್ಟಿಗೆಯದೇ. ಒಳಗಿನ ವಿಳಾಸಗಳನ್ನು ಎಲ್ಲರ ಮನೆಯಲ್ಲೂ ಇರುವ 192.168.1ರಿಂದ 192.168.73ಕ್ಕೆ ಬದಲಿಸಿದೆ, ನಾಳೆ ಮಗ ಬೆಂಗಳೂರಿನ ತನ್ನ ಮನೆಯಿಂದ ಲ್ಯಾಪ್‌ಟಾಪಿನಲ್ಲಿ ಬಂದರೆ ಎರಡು ಮನೆಯ ವಿಳಾಸ ಒಂದೇ ಆಗಿ ಗೋಜಲಾಗಬಾರದು ಎಂದು. ಸುರಂಗ ತೂಕಡಿಸದಿರಲು 25 ಸೆಕೆಂಡಿಗೊಮ್ಮೆ ರೂಟರ್ ಒಂದು ಸಣ್ಣ ಪೊಟ್ಟಣ ಕಳಿಸುವ ಹಾಗೆ ಮಾಡಿದೆ. ಯುಪಿಎಸ್ ಮೂರು ಗಂಟೆ ನಿಲ್ಲುತ್ತದೆ. ಎಲ್ಲ ಮುಗಿದ ಮೇಲೆ, ಜಾಹೀರಾತು ತಡೆಯಲು ಮಗ ವಿಪಿಎಸ್‌ನಲ್ಲಿ ಇಟ್ಟಿದ್ದ ಡಿಎನ್‌ಎಸ್ಸನ್ನೇ (ಹೆಸರು ಕೊಟ್ಟರೆ ಐಪಿ ವಿಳಾಸ ಹುಡುಕಿಕೊಡುವ ಸರ್ವರ್) ಈ ರೂಟರಿಗೂ ಕೊಟ್ಟೆ. ಬೇಕಿರಲಿಲ್ಲ. ಬುದ್ಧಿವಂತಿಕೆ.

ಹೂಮಳೆ

ಫೆಬ್ರವರಿ ಪೂರ್ತಿ ಫೋನ್ ಕರೆಯೇ ಇಲ್ಲ. ನಮ್ಮ ಕೆಲಸದಲ್ಲಿ ಅದೇ ಶಭಾಸ್. ಮೈಸೂರಿನ ಆಸ್ಪತ್ರೆಯ ವೈಫೈಯಲ್ಲಿ ವೈರ್‌ಗಾರ್ಡ್ ನಡೆಯುವ ಯುಡಿಪಿ ಬಂದ್ ಆಗಿತ್ತು, ಅಲ್ಲಿ ಮಾತ್ರ ಮೊಬೈಲ್ ಡೇಟಾ ಬಳಸಿ ಎಂದಿದ್ದೆ. ಉಳಿದಂತೆ ಆಂಟಿ ಮಂಚದ ಪಕ್ಕ ಕೂತು ಕಣದ ಆಳುಗಳನ್ನು ಎಣಿಸುತ್ತಿದ್ದರು.

ಮಾರ್ಚಿನಲ್ಲಿ ಹೂಮಳೆ ಬಂತು. ಕಾಫಿಗೆ ಅಮೃತ, ವಿದ್ಯುತ್ ತಂತಿಗೆ ಮೃತ್ಯು. ಮರ ಬಿದ್ದು ರಾತ್ರಿಯಿಡೀ ಕರೆಂಟಿಲ್ಲ, ಯುಪಿಎಸ್ ಸೋತಿತು. ಬೆಳಿಗ್ಗೆ ಕರೆಂಟ್ ಬಂದರೂ ಆಂಟಿಯ ಪರದೆ ಕಪ್ಪು.

"ಆ್ಯಪ್ ಆನ್ ಅಂತಲೇ ತೋರಿಸ್ತಾ ಉಂಟು ಮಗ."

ಸ್ವಿಚ್ ಆಫ್ ಆನ್ ಮಾಡಿಸಿದೆ. ಫೋನ್ ರೀಸ್ಟಾರ್ಟ್ ಮಾಡಿಸಿದೆ. ಕೊನೆಗೆ ಆ್ಯಪನ್ನೇ ತೆಗೆಸಿ, ಹೊಸ ಕ್ಯೂಆರ್ ಮಗನ ಕೈಲಿ ಮಾಡಿಸಿ ಮತ್ತೆ ಹಾಕಿಸಿದೆ. ಅರ್ಧ ದಿನ ಹೋಯಿತು. ಕೇಳಿಸಬೇಕಿದ್ದ ಪ್ರಶ್ನೆ ಬೇರೆ: ಸುರಂಗದ ಹೆಸರು ಒತ್ತಿದರೆ ಕೆಳಗೆ ಎಷ್ಟು ಬಂತು, ಎಷ್ಟು ಹೋಯಿತು ಎಂಬ ಅಂಕಿ ಕಾಣುತ್ತದೆ. ಬಂದದ್ದರ ಅಂಕಿ ಏರುತ್ತಿದ್ದರೆ ಫೋನಿನಿಂದ ವಿಪಿಎಸ್ ತನಕ ಸರಿಯಿದೆ. ಕೇಳಿದಾಗ ಏರುತ್ತಲೇ ಇತ್ತು. ಪಾಪ, ಆ್ಯಪಿನದು ಏನೂ ತಪ್ಪಿರಲಿಲ್ಲ.

ವಿಪಿಎಸ್‌ನಲ್ಲಿ ನೋಡಿದರೆ ತೋಟದ ರೂಟರಿನೊಂದಿಗೆ ಕೊನೆಯ ಹ್ಯಾಂಡ್‌ಶೇಕ್ (ಎರಡು ತುದಿಗಳು ಕೀ ನೋಡಿ ಗುರುತಿಸಿಕೊಳ್ಳುವುದು) ಆಗಿ ಹದಿನಾರು ಗಂಟೆ. ತೋಟದಲ್ಲಿ ನೆಟ್ ಇಲ್ಲ ಅಂದುಕೊಂಡು ರೈಟ್ರಿಗೆ ಫೋನ್ ಮಾಡಿದೆ. "ವಾಟ್ಸಾಪ್ ಬರ್ತಾ ಉಂಟಲ್ಲ!" ಅಂದರು, ಅವರ ಫೋನ್ ಇದ್ದದ್ದು ಫೈಬರ್ ಪೆಟ್ಟಿಗೆಯ ವೈಫೈಯಲ್ಲಿ. ರಾತ್ರಿ ಮಗ ಬೇಸರದಿಂದ ವಿಪಿಎಸ್ ರೀಬೂಟ್ ಮಾಡಿದ. ಎಲ್ಲ ಸರಿಯಾಯಿತು. ವಿಪಿಎಸ್‌ನದೇ ತೊಂದರೆ ಎಂದು ಮೂವರೂ ಒಪ್ಪಿ ಮಲಗಿದೆವು.

ಹತ್ತು ದಿನ ಕಳೆದು ಇನ್ನೊಂದು ಮಳೆ, ಇನ್ನೊಂದು ಕತ್ತಲ ರಾತ್ರಿ, ಅದೇ ಕಪ್ಪು ಪರದೆ. ಈ ಸಲ ಯಾವುದನ್ನೂ ರೀಬೂಟ್ ಮಾಡಬೇಡ ಎಂದು ಮಗನಿಗೆ ಹೇಳಿ, ಬೈಕ್ ತೆಗೆದುಕೊಂಡು ತೋಟಕ್ಕೆ ಹೋದೆ. ರೂಟರಿಗೆ ಲ್ಯಾಪ್‌ಟಾಪ್ ಚುಚ್ಚಿ ಒಂದೊಂದೇ ನೋಡುತ್ತ ಬಂದೆ. ಕೇಬಲ್ ಸರಿ, ಹೊರಗಿನ ವಿಳಾಸ ಸರಿ, ಕೀ ಸರಿ. ತೋಚದೆ ಲಾಗ್ ಓದುವಾಗ ತಾರೀಖು ಕಣ್ಣಿಗೆ ಬಿತ್ತು. ಡೇಟ್ ಎಂದು ಟೈಪ್ ಮಾಡಿದೆ.

ಜನವರಿ. ನಾನು ಆಂಟಿಯ ಮನೆಯಲ್ಲಿ ಕಾಫಿ ಕುಡಿದ ದಿನ.

ಇಂಥ ಅಗ್ಗದ ರೂಟರಿನಲ್ಲಿ ಗಡಿಯಾರಕ್ಕೆ ಬ್ಯಾಟರಿ ಇರುವುದಿಲ್ಲ. ಕರೆಂಟ್ ಹೋಗಿ ಬಂದರೆ ಓಪನ್‌ಡಬ್ಲ್ಯುಆರ್‌ಟಿ ತನ್ನ ಸೆಟ್ಟಿಂಗ್ ಫೈಲುಗಳಲ್ಲಿ ಎಲ್ಲಕ್ಕಿಂತ ಈಚಿನದರ ತಾರೀಖನ್ನು ಹಿಡಿದು ಶುರುಮಾಡುತ್ತದೆ, ಆಮೇಲೆ ಇಂಟರ್ನೆಟ್ಟಿನಲ್ಲಿ ಸಮಯ ಕೇಳಿ ಸರಿಮಾಡಿಕೊಳ್ಳುತ್ತದೆ. ವೈರ್‌ಗಾರ್ಡಿಗೆ ಸಮಯ ಮುಖ್ಯ. ಹ್ಯಾಂಡ್‌ಶೇಕಿನಲ್ಲಿ ಸಮಯದ ಮುದ್ರೆ ಇರುತ್ತದೆ, ಈ ಹಿಂದೆ ಬಂದದ್ದಕ್ಕಿಂತ ಹಳೆಯ ಮುದ್ರೆ ಬಂದರೆ ಯಾರೋ ಕದ್ದಿಟ್ಟ ಹಳೆಯ ಪೊಟ್ಟಣ ಮತ್ತೆ ಎಸೆಯುತ್ತಿದ್ದಾರೆ ಎಂದು ತಿಳಿದು ಮೌನವಾಗಿ ಬಿಸಾಡುತ್ತದೆ. ಸರಿಯಾದದ್ದೇ. ಮಾರ್ಚ್ ತನಕ ಮಾತಾಡಿದ ವಿಪಿಎಸ್, ಜನವರಿಯಿಂದ ಬಂದ ಕರೆಯನ್ನು ಯಾಕೆ ನಂಬಬೇಕು? ರೂಟರ್ ಸಮಯ ಕೇಳಬೇಕೆಂದರೆ ಸಮಯದ ಸರ್ವರಿನ ಹೆಸರನ್ನು ಡಿಎನ್‌ಎಸ್‌ನಲ್ಲಿ ಹುಡುಕಬೇಕು. ಡಿಎನ್‌ಎಸ್ ಇರುವುದು ಸುರಂಗದ ಆಚೆ. ಸುರಂಗ ತೆರೆಯಲು ಸಮಯ ಬೇಕು. ನಾನು ತೋರಿಸಿದ ಬುದ್ಧಿವಂತಿಕೆಯ ಫಲ. ವಿಪಿಎಸ್ ರೀಬೂಟ್ ಮಾಡಿದಾಗ ಸರಿಯಾದದ್ದು ಹೇಗೆ ಎಂದೂ ಆಗ ಹೊಳೆಯಿತು: ರೀಬೂಟ್ ಆದ ವಿಪಿಎಸ್‌ಗೆ ಹಿಂದಿನ ಮುದ್ರೆಯ ನೆನಪೇ ಇರಲಿಲ್ಲ, ಜನವರಿಯನ್ನೂ ಒಪ್ಪಿಕೊಂಡಿತು. ಟ್ಯಾಲಿ ಕಂಪ್ಯೂಟರಿನಲ್ಲಿ ಆ ಹೊತ್ತು ಯಾರಾದರೂ ಬ್ರೌಸರ್ ತೆರೆದಿದ್ದರೆ ಅಂದೇ ಗೊತ್ತಾಗುತ್ತಿತ್ತು. ಆದರೆ ಅದರಲ್ಲಿ ಟ್ಯಾಲಿ ಬಿಟ್ಟು ಬೇರೇನನ್ನೂ ಮುಟ್ಟಬಾರದು ಎಂದು ಆಂಟಿಯ ಅಪ್ಪಣೆ.

ರೂಟರಿನ ಡಿಎನ್‌ಎಸ್ಸನ್ನು ಸುರಂಗದಿಂದ ಹೊರಗೆ ತಂದು ಫೈಬರ್ ಕಡೆಗೇ ಕೊಟ್ಟೆ. ಪ್ಲಗ್ ಕಿತ್ತೆ, ಹತ್ತು ನಿಮಿಷ ಬಿಟ್ಟು ಹಾಕಿದೆ. ಮೊದಲು ಜನವರಿ, ಸ್ವಲ್ಪ ಹೊತ್ತಿಗೆ ಮಾರ್ಚ್, ಬೆನ್ನಿಗೇ ಹ್ಯಾಂಡ್‌ಶೇಕ್. ಎರಡನೇ ಸಲವೂ ಕಿತ್ತು ನೋಡಿದೆ. ಅಷ್ಟರಲ್ಲಿ ರೈಟ್ರ ಫೋನ್ ಹೊಡೆದುಕೊಂಡಿತು. ಮೈಸೂರಿನಿಂದ ಆಂಟಿ. ಕಣದ ಮೂಲೆಯಲ್ಲಿ ಟಾರ್ಪಲ್ ಗಾಳಿಗೆ ಎದ್ದಿದೆ, ಮೆಣಸು ನೆನೆಯುತ್ತದೆ, ಬೇಗ ಮುಚ್ಚಿ ಅಂತ.

ಅವತ್ತಿನಿಂದ ಆಂಟಿಗೆ ಎರಡು ವಿಷಯ ಬಾಯಿಪಾಠ. ಕಪ್ಪು ಪರದೆ ಕಂಡರೆ ಮೊದಲು ಬಂದದ್ದರ ಅಂಕಿ ಏರುತ್ತಿದೆಯಾ ನೋಡುತ್ತಾರೆ. ಏರುತ್ತಿದ್ದರೆ ರೈಟ್ರಿಗೆ ಫೋನ್, ಇಲ್ಲದಿದ್ದರೆ ಮಗನಿಗೆ. ನನ್ನ ಸರದಿ ಆಮೇಲೆ.

ಏಪ್ರಿಲಿನಲ್ಲಿ ಒಂದು ಕರೆ ಬಂತು. ಕ್ಯಾಮೆರಾ ಚೆನ್ನಾಗಿಯೇ ಇತ್ತು.

"ಅಕ್ಕನ ಫೋನಲ್ಲಿ ಮೇಲ್ಗಡೆ ಕೀ ಗುರುತು ಉಂಟು ಮಗ. ಕೇಳಿದ್ರೆ, ಅದು ಫೋನಿನ ಜತೆಗೇ ಬಂದದ್ದು ಅಂತಾಳೆ. ಈಗ ಎಂತ ಒತ್ಲಿ, ಹೇಳು."